ಖರ್ಚಾಗಿದೆ ಎಂದು ಭಾವಿಸತಕ್ಕದ್ದು



ಪೋಸ್ಟ್ ಉದ್ದ ಇದೆ. ಪುರುಸೊತ್ತಾದಾಗ ಓದಿ, ಆದ್ರೆ ಪೂರ್ತಿ ಓದಿ.

ಹೋದ ವಾರ ನಮ್ಮ ಹೆಬ್ಬಾಳದ ಒಂದು ವಾಟ್ಸಾಪ್ ಗ್ರೂಪಲ್ಲಿ ಒಬ್ಬರು ಬರೆದ್ರು: "ಎಸ್ಸಿ ಎಸ್ಟಿಗೆ ವರ್ಷಕ್ಕೆ 42 ಸಾವಿರ ಕೋಟಿ ಕೊಡ್ತಾರೆ. ಆದ್ರೂ ಇವರ ಗೋಳು ಮುಗಿಯಲ್ಲ. ನಮ್ಮ ಟ್ಯಾಕ್ಸ್ ದುಡ್ಡೆಲ್ಲ ಇಲ್ಲೇ ಪೋಲು." ಅದಕ್ಕೆ ಹನ್ನೆರಡು ಜನ ಹೆಬ್ಬೆರಳು ಎತ್ತಿದ್ರು. ಅದರಲ್ಲಿ ಮೂರು ಜನ ದಿನಾ ನನ್ನ ಹತ್ರ ನಗ್ತಾ ಮಾತಾಡೋರು. ಅಲ್ಲಿ ಜಗಳ ಆಡೋಕೆ ಮನಸ್ಸಾಗಲಿಲ್ಲ. ಪೋಲು ಅನ್ನೋ ಪದ ಅವರೇ ತೆಗೆದಿದ್ದಾರಲ್ಲ, ಆ ಪೋಲಿನ ಲೆಕ್ಕಾನೇ ಇಲ್ಲಿ ಹಾಕ್ತೀನಿ. ನಾನು ಓದಿರೋದು ಬಿ.ಎ., ಮಾಡ್ತಿರೋದು ಒಂದು ಖಾಸಗಿ ಆಫೀಸಲ್ಲಿ ಕ್ಲರ್ಕ್ ಕೆಲಸ. ದೊಡ್ಡ ಅರ್ಥಶಾಸ್ತ್ರ ಗೊತ್ತಿಲ್ಲ. ಆದ್ರೆ ಇಪ್ಪತ್ತು ವರ್ಷದಿಂದ ವೋಚರು, ಬಿಲ್ಲು, ಲೆಡ್ಜರು ನೋಡ್ತಾ ಬಂದಿದ್ದೀನಿ. ಒಂದು ಲೆಕ್ಕದ ದುಡ್ಡು ಇನ್ನೊಂದು ಲೆಕ್ಕಕ್ಕೆ ಜಾರಿದ್ರೆ ಕಣ್ಣಿಗೆ ಬೇಗ ಬೀಳುತ್ತೆ.

ಮೊದಲು ಆ 42 ಸಾವಿರ ಕೋಟಿ ಏನು ಅಂತ ತಿಳ್ಕೊಳ್ಳಿ. ಅದು ದಾನ ಅಲ್ಲ, ಭಿಕ್ಷೆ ಅಲ್ಲ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರು ಶೇ. 17.15, ಪರಿಶಿಷ್ಟ ಪಂಗಡದವರು ಶೇ. 6.95. ಎರಡೂ ಸೇರಿ ನೂರಕ್ಕೆ 24.1. ನಾಡಿನ ಅಭಿವೃದ್ಧಿಗೆ ಅಂತ ಎತ್ತಿಟ್ಟ ಹಣದಲ್ಲಿ ಅಷ್ಟೇ ಪಾಲು ಈ ಜನಕ್ಕೆ ಹೋಗಬೇಕು ಅನ್ನೋದು 1970ರ ದಶಕದಿಂದಲೂ ಇರೋ ನೀತಿ. ನೀತಿ ಇತ್ತು, ಹಣ ಮಾತ್ರ ಬರ್ತಿರಲಿಲ್ಲ. ಅದಕ್ಕೇ 2013ರ ಡಿಸೆಂಬರ್‌ನಲ್ಲಿ ಕಾನೂನೇ ಆಯ್ತು. ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ಅಂತ ನಾವೆಲ್ಲ ಕರೆಯೋದು ಅದನ್ನೇ. ಆಂಧ್ರ ಮೊದಲು ಮಾಡಿತ್ತು, ನಮ್ಮಲ್ಲಿ ಸಿದ್ದರಾಮಯ್ಯನವರ ಮೊದಲ ಸರ್ಕಾರ ಮಾಡ್ತು. ಒಳ್ಳೆ ಕೆಲಸ, ಇಲ್ಲ ಅನ್ನಲ್ಲ. ಆವತ್ತು ನಾವು ಸಿಹಿ ಹಂಚಿದ್ವಿ.

ಆದ್ರೆ ಸಿಹಿ ಬಾಯಲ್ಲಿ ಇದ್ದಾಗ್ಲೇ ಕಾನೂನಿನ ಏಳನೇ ಕಲಮು ಓದಬೇಕಿತ್ತು. ಅದರ 'ಡಿ' ಭಾಗದಲ್ಲಿ ಏನಿತ್ತು ಗೊತ್ತಾ? ಇಷ್ಟು ದಲಿತರಿಗೆ, ಇಷ್ಟು ಬೇರೆಯವರಿಗೆ ಅಂತ ಭಾಗ ಮಾಡೋಕಾಗದ ಮೂಲಸೌಕರ್ಯದ ಕೆಲಸಗಳು ಇರ್ತಾವಲ್ಲ, ಅವುಗಳ ಖರ್ಚಿನಲ್ಲಿ ಒಂದು ಪಾಲನ್ನ ಪರಿಶಿಷ್ಟರಿಗಾಗಿ ಖರ್ಚಾಗಿದೆ ಅಂತ ಸರ್ಕಾರ ಲೆಕ್ಕ ಹಾಕ್ಕೋಬಹುದು. ಕಾನೂನಿನ ಕನ್ನಡದಲ್ಲಿ ಇಂಥದ್ದಕ್ಕೆ 'ಎಂದು ಭಾವಿಸತಕ್ಕದ್ದು' ಅಂತಾರೆ.

ಭಾವಿಸತಕ್ಕದ್ದು! ಎಂಥ ಪದ ನೋಡಿ. ಒಂದು ದೊಡ್ಡ ರಸ್ತೆ ಆಗುತ್ತೆ. ಆ ರಸ್ತೆ ಮೇಲೆ ದಲಿತರೂ ಓಡಾಡ್ತಾರೆ. ಆದ್ದರಿಂದ ರಸ್ತೆಯ ಖರ್ಚಿನಲ್ಲಿ ಒಂದು ಪಾಲು ದಲಿತರ ಏಳಿಗೆಗೆ ಆಯ್ತು ಎಂದು ಭಾವಿಸತಕ್ಕದ್ದು. ನಿಮ್ಮ ಮನೆ ಮುಂದೆ ಮದುವೆ ಊಟ ನಡೀತು, ಸಾರಿನ ವಾಸನೆ ನಿಮ್ಮ ಮೂಗಿಗೂ ಬಂತು, ನೀವೂ ಉಂಡಿರಿ ಎಂದು ಭಾವಿಸತಕ್ಕದ್ದು. ಈ ನಾಡಲ್ಲಿ ನಮ್ಮನ್ನ ಹೊರಗೆ ನಿಲ್ಲಿಸಿ ಊಟ ಹಾಕಿದ್ದು ಹೊಸದೇನಲ್ಲ. ಊಟಾನೇ ಹಾಕದೆ ಉಂಡ ರಿಜಿಸ್ಟರಿಗೆ ಸಹಿ ಹಾಕಿಸ್ಕೊಂಡಿದ್ದು ಮಾತ್ರ ಹೊಸದು.

ಈ 7ಡಿ ತೆಗೀರಿ ಅಂತ ದಲಿತ ಸಂಘಟನೆಗಳು ಬೀದಿಯಲ್ಲಿ ಕೂತು ಕೂತು ಸಾಕಾದ್ವು. ಕಾಂಗ್ರೆಸ್, ಸಮ್ಮಿಶ್ರ, ಬಿಜೆಪಿ, ಮೂರೂ ಸರ್ಕಾರ ನೋಡಾಯ್ತು. ಈಗ ನಮ್ಮ ಪರವಾಗಿ ಕಣ್ಣೀರು ಹಾಕ್ತಿರೋ ಬಿಜೆಪಿಯವರು ಅಧಿಕಾರದಲ್ಲಿದ್ದಾಗ 7ಡಿ ಮುಟ್ಟಲಿಲ್ಲ, ಯಾಕಂದ್ರೆ ಅವರಿಗೂ ಅದು ಬೇಕಿತ್ತು. ಕಡೆಗೆ 2023ರಲ್ಲಿ ಕಾಂಗ್ರೆಸ್ ಮತ್ತೆ ಬಂದ ಮೇಲೆ ತಿದ್ದುಪಡಿ ತಂದು 7ಡಿ ತೆಗೆದ್ರು. ಮತ್ತೆ ಸಿಹಿ. ಅದೇ ವರ್ಷ ಐದು ಗ್ಯಾರಂಟಿ ಶುರುವಾದ್ವು. ಬಾಗಿಲು ಮುಚ್ಚಿದ್ರು, ಕಿಟಕಿ ತೆಗೆದ್ರು. ಕಿಟಕಿ ಹೆಸರು 7ಸಿ. ಎಲ್ಲರಿಗೂ ಅನ್ವಯಿಸೋ ಯೋಜನೆಯಲ್ಲಿ ಪರಿಶಿಷ್ಟರು ಎಷ್ಟು ಜನ ಇದ್ದಾರೋ ಅಷ್ಟು ಪಾಲನ್ನ ಈ ನಿಧಿಯ ಲೆಕ್ಕಕ್ಕೆ ಬರ್ಕೊಳ್ಳಬಹುದು ಅನ್ನೋದು ಅದರ ಸಾರ.

2023-24ರಲ್ಲಿ ಈ ನಿಧಿ ಇದ್ದದ್ದು 34 ಸಾವಿರ ಕೋಟಿ ಚಿಲ್ಲರೆ. ಅದರಲ್ಲಿ ಸುಮಾರು 11,144 ಕೋಟಿ ಗ್ಯಾರಂಟಿಗಳ ಲೆಕ್ಕಕ್ಕೆ ಹೋಯ್ತು. ಗೃಹಲಕ್ಷ್ಮಿಗೆ 5,075 ಕೋಟಿ, ಅನ್ನಭಾಗ್ಯಕ್ಕೆ ಸುಮಾರು 2,780, ಗೃಹಜ್ಯೋತಿಗೆ 2,410, ಶಕ್ತಿಗೆ 812, ಉಳಿದ ಪುಡಿ ಯುವನಿಧಿಗೆ. ಮೂರರಲ್ಲಿ ಒಂದು ಪಾಲು ಖಲಾಸ್. 2024-25ರಲ್ಲಿ ನಿಧಿ 39 ಸಾವಿರ ಕೋಟಿ ದಾಟಿತು, ಗ್ಯಾರಂಟಿಗೆ ಹೋಗಿದ್ದು 14 ಸಾವಿರ ಕೋಟಿಗೂ ಮೇಲೆ. 2025-26ರಲ್ಲಿ ಗ್ರೂಪಿನವರು ಹೇಳಿದ 42 ಸಾವಿರ ಕೋಟಿ. ಅದರಲ್ಲೂ 11 ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿ ಪಾಲು. ಮೂರು ವರ್ಷದ್ದು ಕೂಡಿಸಿ ನೋಡಿ, 36 ಸಾವಿರ ಕೋಟಿ ಮೀರುತ್ತೆ. ಅಂದ್ರೆ 2023-24ರಲ್ಲಿ ಇಡೀ ವರ್ಷಕ್ಕೆ ನಮಗೆ ಅಂತ ತೋರಿಸಿದ ಹಣಕ್ಕಿಂತ ಜಾಸ್ತಿ.

"ಯಾಕೆ, ನಿಮ್ಮ ಹೆಂಗಸರು ಗೃಹಲಕ್ಷ್ಮಿ ತಗೊಳಲ್ವಾ?" ಅಂತ ಕೇಳ್ತೀರ. ತಗೊಳ್ತೀವಿ. ನಮ್ಮ ರೇಷನ್ ಕಾರ್ಡಲ್ಲಿ ಯಜಮಾನಿ ನಮ್ಮತ್ತೆ. ಅವರ ಖಾತೆಗೆ 2000 ಬರುತ್ತೆ. ಬಿ.ಪಿ. ಮಾತ್ರೆ, ಮೊಮ್ಮಗಳಿಗೆ ನೋಟ್‌ಬುಕ್ಕು, ತಿಂಗಳಿಗೊಂದ್ಸಲ ಕೋಳಿ. ಆ ದುಡ್ಡು ಬಂದ ಮೇಲೆ ನಮ್ಮತ್ತೆ ಮಾತಾಡೋ ಧಾಟಿಯೇ ಬದಲಾಗಿದೆ, ನನಗೆ ಅದು ಖುಷಿ. ಗ್ಯಾರಂಟಿ ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ಬಿಟ್ಟಿ ಭಾಗ್ಯ ಅಂತ ಹಂಗಿಸೋರ ಜೊತೆ ನಾನು ನಿಲ್ಲಲ್ಲ.

ನನ್ನ ತಕರಾರು ಬೇರೆ. ನಮ್ಮ ಎದುರು ಮನೆಯಲ್ಲಿ ಗೌಡರ ಮನೆಯಮ್ಮ ಇದ್ದಾರೆ. ಅವರಿಗೂ 2000 ಬರುತ್ತೆ. ಅವರಿಗೆ ಬರೋದು ಸರ್ಕಾರದ ಸಾಮಾನ್ಯ ಖಜಾನೆಯಿಂದ, ಯಾರ ತಟ್ಟೆಯಿಂದಲೂ ಕಿತ್ತಿದ್ದಲ್ಲ. ನಮ್ಮತ್ತೆಗೆ ಬರೋ 2000 ಮಾತ್ರ ನಮ್ಮ ಹುಡುಗರ ಹಾಸ್ಟೆಲಿಗೆ, ಸ್ಕಾಲರ್‌ಶಿಪ್ಪಿಗೆ, ಭೂಮಿಗೆ, ಬೋರ್‌ವೆಲ್ಲಿಗೆ ಅಂತ ಕಟ್ಟಿಟ್ಟ ಗಂಟಿನಿಂದ. ಒಂದೇ ಬೀದಿ, ಒಂದೇ ಯೋಜನೆ, ಒಂದೇ ಮೆಸೇಜು ಮೊಬೈಲಿಗೆ. ಅವರು ಈ ರಾಜ್ಯದ ಪ್ರಜೆ ಅಂತ ತಗೊಳ್ತಾರೆ. ನಾವು ನಮ್ಮ ಮೊಮ್ಮಕ್ಕಳಿಂದ ಸಾಲ ತಗೊಳ್ತೀವಿ. ಕೊನೆಗೆ ಗ್ರೂಪಲ್ಲಿ ಬೈಸ್ಕೊಳ್ಳೋದೂ ನಾವೇ, ಯಾಕಂದ್ರೆ ಪುಸ್ತಕದಲ್ಲಿ 42 ಸಾವಿರ ಕೋಟಿ ನಮ್ಮ ಹೆಸರಿಗೇ ಬರೆದಿದೆ.

ಶಕ್ತಿ ಯೋಜನೆಯ ಲೆಕ್ಕ ನನಗೆ ಇನ್ನೂ ತಮಾಷೆ. ಬಿಎಂಟಿಸಿ ಬಸ್ಸಲ್ಲಿ ಕಂಡಕ್ಟರ್ ಆಧಾರ್ ನೋಡಿ ಪಿಂಕ್ ಟಿಕೆಟ್ ಹರಿದು ಕೊಡ್ತಾರೆ. ಜಾತಿ ಕೇಳಲ್ಲ, ಕೇಳಲೂಬಾರದು. ಹಾಗಾದ್ರೆ 812 ಕೋಟಿಯಷ್ಟು ಪರಿಶಿಷ್ಟ ಹೆಂಗಸರು ಹತ್ತಿ ಇಳಿದ್ರು ಅಂತ ಹೆಂಗೆ ಗೊತ್ತಾಯ್ತು? ಭಾವಿಸಿದ್ರು. ಅಷ್ಟೇ. 7ಡಿ ಹೋಯ್ತು, ಅದರ ಬುದ್ಧಿ ಹೋಗಲಿಲ್ಲ.

ನಮ್ಮ ಆಫೀಸಲ್ಲಿ ಪೆಟ್ಟಿ ಕ್ಯಾಶ್ ನನ್ನ ಕೈಲಿರುತ್ತೆ. ಸ್ಟೇಷನರಿಗೆ ಅಂತ ಕೊಟ್ಟ ಐದು ಸಾವಿರದಲ್ಲಿ ನಾನು ಸಾಹೇಬರ ಕಾರಿಗೆ ಡೀಸೆಲ್ ಹಾಕಿಸಿ, "ಕಾರಲ್ಲಿ ಪೇಪರ್ ಬಂಡಲ್ಲೂ ಬಂತಲ್ಲ ಸಾರ್, ಸ್ಟೇಷನರಿ ಎಂದು ಭಾವಿಸತಕ್ಕದ್ದು" ಅಂತ ವೋಚರ್ ಬರೆದ್ರೆ ಮಾರನೇ ದಿನ ನನ್ನ ಕೈಗೆ ಮೆಮೊ ಬರುತ್ತೆ. ಐದು ಸಾವಿರಕ್ಕೆ ಇರೋ ನಿಯಮ ಹನ್ನೊಂದು ಸಾವಿರ ಕೋಟಿಗೆ ಇಲ್ಲ.

ಈಗ ನಮ್ಮೂರಿಗೆ ಬರೋಣ. ಗ್ರೂಪಿನಲ್ಲಿ ಪೋಲು ಅಂದವರು ಬೆಳಿಗ್ಗೆ ಎದ್ದು ಬಾಲ್ಕನಿಗೆ ಬಂದ್ರೆ ಹೆಬ್ಬಾಳ ಫ್ಲೈಓವರ್ ಕಾಣುತ್ತೆ. ಈ ಮೂಲೆಯಲ್ಲಿ ನಿಂತು ಸರ್ಕಾರ ದುಡ್ಡು ಹೆಂಗೆ ಖರ್ಚು ಮಾಡುತ್ತೆ ಅಂತ ನೋಡಿದಷ್ಟು ಬೇರೆಲ್ಲೂ ನೋಡೋಕಾಗಲ್ಲ.

2016ರಲ್ಲಿ ಇಲ್ಲಿಂದ ಬಸವೇಶ್ವರ ಸರ್ಕಲ್‌ವರೆಗೆ 6.7 ಕಿಲೋಮೀಟರ್ ಸ್ಟೀಲ್ ಫ್ಲೈಓವರ್ ಅಂದ್ರು. 1,791 ಕೋಟಿ. ಎಂಟುನೂರಕ್ಕೂ ಹೆಚ್ಚು ಮರ ಹೋಗ್ತಿದ್ವು. ಅಕ್ಟೋಬರ್ 16ಕ್ಕೆ ಸಾವಿರಾರು ಜನ ಕೈ ಕೈ ಹಿಡಿದು ಮಾನವ ಸರಪಳಿ ಮಾಡಿದ್ರು, ಟಿವಿ ತುಂಬಾ ಅದೇ. 2017ರ ಮಾರ್ಚಲ್ಲಿ ಸರ್ಕಾರ ಕೈಬಿಡ್ತು. ಸಂತೋಷ. ಮರ ಉಳಿದಿದ್ದು ನನಗೂ ಸಂತೋಷವೇ. ಆದ್ರೆ 11,144 ಕೋಟಿ ಒಂದೇ ಸಭೆಯಲ್ಲಿ ಜಾರಿದಾಗ ಮೇಖ್ರಿ ಸರ್ಕಲ್ಲಲ್ಲಿ ಯಾರೂ ಸರಪಳಿ ಮಾಡಲಿಲ್ಲ. ಫ್ರೀಡಂ ಪಾರ್ಕಲ್ಲಿ ನೀಲಿ ಬಾವುಟ ಹಿಡಿದು ಕೂತಿದ್ದವರು ನಾವು ನಾವೇ.

ಈಗ ಸುರಂಗ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹದಿನೇಳು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಅಂದಾಜು ವೆಚ್ಚ ಸುಮಾರು 17,700 ಕೋಟಿ. 2025ರ ಕೊನೆಗೆ ಟೆಂಡರ್ ತೆರೆದಾಗ ಅತಿ ಕಡಿಮೆ ಬಿಡ್ಡೇ 22 ಸಾವಿರ ಕೋಟಿ ದಾಟಿತ್ತು. ನೆಲ ಅಗೆಯೋಕೆ ಮುಂಚೆನೇ ನಾಲ್ಕು ಸಾವಿರ ಕೋಟಿ ಮೇಲೆದ್ದಿದೆ, ಅಗೆದ ಮೇಲೆ ಎಷ್ಟು ಏಳುತ್ತೋ. ಇದರ ಯೋಜನಾ ವರದಿಗೆ ಒಂಬತ್ತು ಕೋಟಿಗೂ ಮೇಲೆ ಕೊಟ್ರು. ಆ ವರದಿ ತೆಗೆದು ಓದಿದ್ರೆ ಬೆಂಗಳೂರಿನ ಸುರಂಗದ ಮಧ್ಯೆ ಮಹಾರಾಷ್ಟ್ರದ ಮಾಲೆಗಾಂವ್ ಮತ್ತು ನಾಸಿಕ್ ಊರುಗಳ ಹೆಸರು! ಯಾವುದೋ ವರದಿಯಿಂದ ಎತ್ತಿ ಅಂಟಿಸುವಾಗ ಊರ ಹೆಸರು ಬದಲಾಯಿಸೋಕೂ ಪುರುಸೊತ್ತಾಗಿಲ್ಲ. ಸಿಕ್ಕಿಬಿದ್ದ ಮೇಲೆ ಸಲಹಾ ಸಂಸ್ಥೆಗೆ ಪಾಲಿಕೆ ಹಾಕಿದ ದಂಡ ಐದು ಲಕ್ಷ.

ಇದನ್ನ ಇನ್ನೊಂದು ಕಡೆ ಇಟ್ಟು ನೋಡಿ. ನಮ್ಮಕ್ಕನ ಮಗ ಡಿಪ್ಲೊಮಾ ಓದ್ತಿದ್ದ. ಸ್ಕಾಲರ್‌ಶಿಪ್ ಅರ್ಜಿ ಹಾಕಿದ. ಜಾತಿ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿನ ಮುಂದೆ ಇನಿಷಿಯಲ್ ಇದೆ, ಮಾರ್ಕ್ಸ್ ಕಾರ್ಡಲ್ಲಿ ಹಿಂದೆ ಇದೆ. ಅರ್ಜಿ ವಾಪಸ್. ಸರಿಮಾಡಿಸಿಕೊಂಡು ಬಂದ, ಅಷ್ಟರಲ್ಲಿ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಅದನ್ನ ಮಾಡಿಸಿದ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಅಂದ್ರು. ಜೋಡಿಸಿದ ಮೇಲೆ "ಅಪ್ರೂವ್ ಆಗಿದೆ, ಬಜೆಟ್ ಬಂದಿಲ್ಲ" ಅಂದ್ರು. ಎರಡು ಸೆಮಿಸ್ಟರ್ ಕಳೀತು. ಯಾವ ಕಚೇರಿ, ಯಾರು ಅಂತ ಇಲ್ಲಿ ಬರೆಯಲ್ಲ, ಹೋಗಿ ಬಂದಿರೋರಿಗೆಲ್ಲ ಆ ಕೌಂಟರ್ ಗೊತ್ತು. ಹುಡುಗ ಈಗ ಬೈಕಲ್ಲಿ ಊಟ ಡೆಲಿವರಿ ಮಾಡ್ತಾನೆ, ಮತ್ತೆ ಕಾಲೇಜಿಗೆ ಹೋಗ್ತೀನಿ ಅಂತ ಬಾಯಲ್ಲಿ ಹೇಳ್ತಾನೆ. ಬಜೆಟ್ ಬಾರದೇ ಇದ್ದದ್ದಕ್ಕೆ ಗ್ಯಾರಂಟಿಗೆ ಹೋದ ಹಣವೇ ಕಾರಣ ಅಂತ ನಾನು ಸಾಧಿಸೋಕೆ ಹೋಗಲ್ಲ. ಆದ್ರೆ ಅವನ ಹೆಸರಲ್ಲಿ ತೆಗೆದಿಟ್ಟ ನಿಧಿಯಿಂದ ಸಾವಿರಾರು ಕೋಟಿ ಆಚೆ ಹೋಗೋಕೆ ಒಂದು ಟಿಪ್ಪಣಿ, ಒಂದು ಸಭೆ ಸಾಕಾಯ್ತು. ಅವನಿಗೆ ಕೆಲವು ಸಾವಿರ ಬರೋಕೆ ಒಂದು ಇನಿಷಿಯಲ್ ಅಡ್ಡ ಬಂತು. ಹುಡುಗನ ಇನಿಷಿಯಲ್ ಹುಡುಕಿ ಹಿಡಿಯೋ ಕಣ್ಣಿಗೆ ಮಾಲೆಗಾಂವ್ ಕಾಣಲ್ಲ.

ಇನ್ನೊಂದು ಮಾತು. ಆ ಸುರಂಗದಲ್ಲಿ ಬೈಕಿಗೆ, ಆಟೋಗೆ ಪ್ರವೇಶ ಇಲ್ಲ. ಕಾರಿಗೆ ಒಂದು ಸಲ ಹೋಗೋಕೆ ಮುನ್ನೂರು ರೂಪಾಯಿಗೂ ಮೇಲೆ ಟೋಲ್ ಬೀಳುತ್ತೆ ಅನ್ನೋ ಲೆಕ್ಕ ಪತ್ರಿಕೆಗಳಲ್ಲಿ ಬಂದಿದೆ. ಅಲ್ಲಿಗೆ ನಮ್ಮ ಹುಡುಗ ಸುರಂಗದ ಒಳಗೂ ಹೋಗಂಗಿಲ್ಲ. ಇದು ಖಾಸಗಿಯವರು ಹಣ ಹಾಕೋ ಯೋಜನೆ, ನಿಮ್ಮ ನಿಧಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಹೇಳೋರಿದ್ದಾರೆ. ಸರ್ಕಾರದ ಪಾಲೂ ಇದೆ ಸ್ವಾಮಿ, ಸರ್ಕಾರದ ಜಾಗವೂ ಇದೆ. ಇದೇ ಹೆಬ್ಬಾಳದ ಮೇಲೆ ಹಾದು ಹೋಗಬೇಕಾದ ಉಪನಗರ ರೈಲು ನೆನಪಿದೆಯಾ? ನಾಲ್ಕು ಮಾರ್ಗ, 148 ಕಿಲೋಮೀಟರ್, ಒಟ್ಟು 15,767 ಕೋಟಿ. ಹದಿನೇಳು ಕಿಲೋಮೀಟರ್ ಸುರಂಗಕ್ಕಿಂತ ಕಮ್ಮಿ. ಗಾರ್ಮೆಂಟ್ಸಿನ ಹೆಂಗಸರು, ಪೌರಕಾರ್ಮಿಕರು, ಸೆಕ್ಯುರಿಟಿಯವರು ಹತ್ತೋ ರೈಲದು. 2022ರ ಜೂನ್‌ನಲ್ಲಿ ಪ್ರಧಾನಿ ಬಂದು ಅಡಿಗಲ್ಲು ಹಾಕಿ 40 ತಿಂಗಳಲ್ಲಿ ಆಗುತ್ತೆ ಅಂದ್ರು. 40 ತಿಂಗಳು 2025ರ ಅಕ್ಟೋಬರಿಗೆ ಮುಗೀತು. ರೈಲು ಬಂದಿಲ್ಲ. ನಗರದ ಇನ್ನೊಂದು ತುದಿಯಲ್ಲಿ 500 ಕೋಟಿಯ ಸ್ಕೈಡೆಕ್ ಮಾತ್ರ ಕಾಗದದ ಮೇಲೆ ಎದ್ದು ನಿಂತಿದೆ, ಮೇಲೆ ಹತ್ತಿ ಊರು ನೋಡೋಕೆ. ಕೆಳಗೆ ನಿಂತ್ರೆ ಊರು ಕಾಣಲ್ವಂತೆ.

ದುಡ್ಡಿಲ್ಲ ಅನ್ನೋ ಮಾತು ನಂಬಬೇಡಿ ಅಂತ ಹೇಳೋಕೆ ಇಷ್ಟೆಲ್ಲ ಬರೆದೆ. ಸುರಂಗಕ್ಕೆ ದುಡ್ಡು ಸಾಲದೇ ಇದ್ರೆ ಸಾಲ ಹುಟ್ಟುತ್ತೆ. ಗ್ಯಾರಂಟಿಗೆ ಸಾಲದೇ ಇದ್ರೆ ನಮ್ಮ ನಿಧಿಗೆ ಕೈ ಹೋಗುತ್ತೆ. ಕೈ ಯಾಕೆ ಅಲ್ಲಿಗೇ ಹೋಗುತ್ತೆ? ಕೇಳೋರಿಲ್ಲ ಅನ್ನೋ ಧೈರ್ಯ.

ಆ ಧೈರ್ಯ ಎಲ್ಲಿಗೆ ಮುಟ್ಟಿತು ಅನ್ನೋದಕ್ಕೆ ವಾಲ್ಮೀಕಿ ಅಭಿವೃದ್ಧಿ ನಿಗಮದ ಹಗರಣ ಇದೆ. 187 ಕೋಟಿ ನಿಗಮದ ಮುಖ್ಯ ಖಾತೆಯಿಂದ ಬೇರೆ ಖಾತೆಗೆ ಹೋಯ್ತು, ಅಲ್ಲಿಂದ ಹೈದರಾಬಾದಿನ ಖಾತೆಗಳಿಗೆ ಹರಿದುಹೋಯ್ತು. ಹೋಗಿದ್ದು 187 ಅಲ್ಲ, 89 ಕೋಟಿ ಚಿಲ್ಲರೆ ಅಂತ ಮುಖ್ಯಮಂತ್ರಿಗಳು ಸದನದಲ್ಲಿ ಹೇಳಿದ್ರು. ಆಯ್ತು ಸ್ವಾಮಿ, 89 ಅಂತಲೇ ಇಟ್ಕೊಳ್ಳೋಣ, ಅದೇನು ಕಡಿಮೆಯಾ? 2024ರ ಜೂನ್‌ನಲ್ಲಿ ಮಂತ್ರಿ ರಾಜೀನಾಮೆ ಕೊಟ್ರು. ನನಗೆ ನಿದ್ದೆ ಕೆಡಿಸಿದ್ದು ಅದಕ್ಕೂ ಮೊದಲಿನದು. ಆ ನಿಗಮದಲ್ಲಿ ಲೆಕ್ಕಪತ್ರ ನೋಡ್ಕೊಳ್ತಿದ್ದ ನೌಕರ ಮೇ ತಿಂಗಳಲ್ಲಿ ಪತ್ರ ಬರೆದಿಟ್ಟು ಜೀವ ಕಳ್ಕೊಂಡ್ರು. ಪ್ರಕರಣ ಹೊರಗೆ ಬಂದಿದ್ದೇ ಆ ಪತ್ರದಿಂದ. ಲೆಡ್ಜರ್ ಮುಂದೆ ಕೂತು ಕೆಲಸ ಮಾಡೋರಿಗೆ ಗೊತ್ತು, ಮೇಲಿನವರ ಬಾಯಿಮಾತಿಗೆ ಕೆಳಗಿನವರ ಸಹಿ ಬೀಳುತ್ತೆ. ಸಿಕ್ಕಿಬಿದ್ದಾಗ ಬಾಯಿಮಾತಿಗೆ ಸಾಕ್ಷಿ ಇರಲ್ಲ, ಸಹಿಗೆ ಇರುತ್ತೆ. ಪೋಲು ಅಂತ ಹೆಬ್ಬೆರಳು ಎತ್ತಿದ ಹನ್ನೆರಡು ಜನಕ್ಕೆ ಆ ಮನುಷ್ಯನ ಮನೆಯವರು ಏನು ಉತ್ತರ ಕೊಡಬೇಕು?

ನಮ್ಮ ಪ್ರತಿನಿಧಿಗಳ ಬಗ್ಗೆಯೂ ಹೇಳಿಬಿಡ್ತೀನಿ, ಬೇಜಾರಾದ್ರೆ ಆಗಲಿ. 224 ಜನರ ವಿಧಾನಸಭೆಯಲ್ಲಿ ಮೀಸಲು ಕ್ಷೇತ್ರದವರು 51 ಜನ. ಈ ನಿಧಿಯ ಕ್ರಿಯಾಯೋಜನೆಗೆ ಒಪ್ಪಿಗೆ ಕೊಡೋ ರಾಜ್ಯ ಪರಿಷತ್ತಿಗೆ ಮುಖ್ಯಮಂತ್ರಿಗಳೇ ಅಧ್ಯಕ್ಷರು, ನಮ್ಮ ಸಚಿವರು ಪಕ್ಕದಲ್ಲೇ ಕೂತಿರ್ತಾರೆ. ಅಂಬೇಡ್ಕರ್ ಜಯಂತಿಗೆ ನೀಲಿ ಶಾಲು ಹಾಕ್ಕೊಂಡು ಬರೋರು, ಆ ಮೇಜಿನ ಮುಂದೆ ಶಾಲು ಮಡಚಿಟ್ಟು ಕೂರ್ತಾರೆ. ನಮ್ಮ ಪಕ್ಕದ ಯಲಹಂಕ ಹಿಂದೆ ಮೀಸಲು ಕ್ಷೇತ್ರ. ಅಲ್ಲಿಂದ ಗೆದ್ದ ಬಿ. ಬಸವಲಿಂಗಪ್ಪನವರು ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿ, ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಿದ್ರು. ಒಂದು ಮಾತು ಆಡಿದ್ದಕ್ಕೆ ಮಂತ್ರಿ ಕುರ್ಚಿ ಕಳ್ಕೊಂಡ್ರು, ಆದ್ರೂ ಆಡಿದ್ರು. ಈಗಿನವರು ಕುರ್ಚಿಗೋಸ್ಕರ ಮಾತು ಕಳ್ಕೊಂಡಿದ್ದಾರೆ.

ನನ್ನ ಒತ್ತಾಯ ದೊಡ್ಡದೇನಲ್ಲ. ಗೃಹಲಕ್ಷ್ಮಿ ಎಲ್ಲರಿಗೂ ಯಾವ ಖಜಾನೆಯಿಂದ ಬರುತ್ತೋ ನಮ್ಮತ್ತೆಗೂ ಅಲ್ಲಿಂದಲೇ ಬರಲಿ. 7ಸಿ ಅಡಿ ತೋರಿಸಿದ ಹಣ ನಿಧಿಗೆ ವಾಪಸ್ ಬರಲಿ. ಸುರಂಗದ ಮಾತು ಬೆಂಗಳೂರಿನವರೆಲ್ಲ ಆಡ್ಕೊಳ್ಳಲಿ, ನಾನೂ ಸೇರ್ತೀನಿ, ಆದ್ರೆ ಈ ಸಲ ಸರಪಳಿಗೆ ಕರೆದ್ರೆ ನಮ್ಮ ಫಲಕವೂ ಅದರಲ್ಲಿ ಇರಬೇಕು.

ಒಂದು ಕೆಲಸ ಮಾಡೋಣ. ಮಾಹಿತಿ ಹಕ್ಕಿನ ಅರ್ಜಿ ಟೈಪ್ ಮಾಡಿಟ್ಟಿದ್ದೀನಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಅದಕ್ಕೇ ಬೇರೆ ಬೇರೆ ಮಾಡಿದ್ದೀನಿ. ಶಕ್ತಿಯ ಪರಿಶಿಷ್ಟ ಪ್ರಯಾಣಿಕರನ್ನ ಯಾವ ದಾಖಲೆಯಿಂದ ಎಣಿಸಿದ್ರಿ ಅನ್ನೋದೊಂದು. ಬೆಂಗಳೂರು ಉತ್ತರದ ಹಾಸ್ಟೆಲ್‌ಗಳಿಗೆ ಮೂರು ವರ್ಷದಲ್ಲಿ ಬಿಡುಗಡೆಯಾದ ಹಣ ಎಷ್ಟು, ಖರ್ಚಾಗಿದ್ದು ಎಷ್ಟು ಅನ್ನೋದೊಂದು. ಬಾಕಿ ಇರೋ ಸ್ಕಾಲರ್‌ಶಿಪ್ ಅರ್ಜಿ ಎಷ್ಟು ಅನ್ನೋದು ಇನ್ನೊಂದು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕಾರ್ಡಿನ ಜೆರಾಕ್ಸ್ ಇಟ್ರೆ ಅದೂ ಬೇಡ. ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೀನಿ. ನಿಮ್ಮ ನಿಮ್ಮ ಹೆಸರಲ್ಲೇ ಹಾಕಿ, ಒಬ್ಬರ ಹೆಸರಲ್ಲಿ ಹೋದ್ರೆ ಒಬ್ಬರನ್ನೇ ಗುರಿ ಮಾಡ್ತಾರೆ. ಮೂವತ್ತು ದಿನ ಟೈಮಿದೆ ಅವರಿಗೆ. ಉತ್ತರ ಬಂದ್ರೆ ಇಲ್ಲೇ ಹಾಕ್ತೀನಿ, ಬರದೇ ಇದ್ರೆ ಮೇಲ್ಮನವಿಯ ಪ್ರತಿ ಹಾಕ್ತೀನಿ.

ಜೈ ಭೀಮ್.